ಬೆಲೆಚೀಟಿಯ ಅಡಿಯಲ್ಲಿ

ದುರ್ಗಿಗುಡಿಯ ಅಂಗಡಿ ಖಾಲಿ ಮಾಡುವ ದಿನ
ಅಟ್ಟದ ಮೇಲೆ, ಸುಟ್ಟ ಅಡಾಪ್ಟರುಗಳ ಹಿಂದೆ
ಒಂದೇ ಒಂದು ವಿಡಿಯೋ ಗೇಮ್ ಉಳಿದಿತ್ತು.
ಟೇಪು ಬಿಚ್ಚಿರಲಿಲ್ಲ.
ಡಬ್ಬದ ಮೇಲಿನ ಹುಡುಗ, ಯಾವ ದೇಶದವನೋ,
ಮೂವತ್ತು ವರ್ಷದಿಂದ ನಗುತ್ತ
ಅದೇ ಗುಂಡಿ ಒತ್ತುತ್ತಿದ್ದಾನೆ.

ಮೂಲೆಯಲ್ಲಿ ಬೆಲೆಚೀಟಿ: ನೂರೈವತ್ತು.
ಸುಮ್ಮನೆ ಉಗುರು ಹಾಕಿದೆ, ಎದ್ದು ಬಂತು.
ಅಡಿಯಲ್ಲಿ ಇನ್ನೊಂದು. ಇನ್ನೂರ ತೊಂಬತ್ತೈದು.
ಖಲಂದರ್ ಸಾಹೇಬರ ಕೈಬರಹ, ಟೋಪಿ ಬಿದ್ದುಹೋದ ಐದು.

ಅಂದರೆ ಗೋಪಿ ಸರ್ಕಲ್ಲಿನ ಹತ್ತಿರ
ಸೈಬರ್ ಕೆಫೆ ತೆರೆದ ವರ್ಷ.
ಹುಡುಗರು ಗಂಟೆಗೆ ಹದಿನೈದು ಕೊಟ್ಟು
ಪರದೆ ಹಿಂದೆ ಕೂತು ಗುಂಡು ಹಾರಿಸುತ್ತಿದ್ದರು.
ನಮ್ಮ ಕೌಂಟರಿಗೆ ಬರುತ್ತಿದ್ದವರು
ರಿಮೋಟಿಗೆ ಸೆಲ್ಲು ಕೇಳುವ ಮುದುಕರು.

ಅದರಡಿ ಆರುನೂರು, ಅಂಟು ಒಣಗಿ ಬೆಲ್ಲದ ಬಣ್ಣ.
ಆಗ ಗಾಂಧಿ ಬಜಾರಿನಲ್ಲಿ ಸ್ಟೀಲು ಪಾತ್ರೆಯವರೂ
ಇದನ್ನೇ ಮಾರುತ್ತಿದ್ದರು, ಬೇರೆ ಬೇರೆ ಹೆಸರಲ್ಲಿ,
ಒಂದೊಂದರಲ್ಲೂ ಒಂದೊಂದು ಅಕ್ಷರ ತಪ್ಪು.
ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರ ಚಿಲ್ಲರೆ ಆಟ.
ಒಂದು ಭಾನುವಾರ ಕೂತು ಎಣಿಸಿದೆ: ಹನ್ನೊಂದು.
ಮಿಕ್ಕಿದ್ದೆಲ್ಲ ಅವೇ, ಆಕಾಶದ ಬಣ್ಣ ಮಾತ್ರ ಬೇರೆ.
ಹೇಳಿದ್ದಕ್ಕೆ ಸಾಹೇಬರು ನಕ್ಕು,
"ದೇವರು ದಿನಗಳನ್ನ ಮಾರೋದೂ ಹಾಗೇ ಕಣೋ" ಅಂದರು.

ಹದಿನಾಲ್ಕು ನೂರರ ಚೀಟಿ ಹರಿಯಿತು, ಅರ್ಧ ಮಾತ್ರ ಬಂತು.
ಅದು ನಮ್ಮ ಸುಗ್ಗಿ.
ದೀಪಾವಳಿಯ ವಾರ ನಲವತ್ತು ಡಬ್ಬ,
ಹಬ್ಬ ಮುಗಿದ ಮಾರನೆಯ ದಿನ ಲೋ ವೋಲ್ಟೇಜಿಗೆ ಸುಟ್ಟ ಹತ್ತು.
ನಾನು ಬೆಸುಗೆ ಹಾಕುವವ, ವಯಸ್ಸು ಹದಿಮೂರು,
ಬೆರಳ ತುದಿಯಲ್ಲಿ ಸದಾ ಬಿಳಿ ಗುಳ್ಳೆ.
ಗ್ಯಾರಂಟಿ ಕೇಳಿದವರಿಗೆ ಸಾಹೇಬರ ಉತ್ತರ ಒಂದೇ:
"ಇದೆಯಲ್ಲ, ಈ ಮೆಟ್ಟಿಲು ಇಳಿಯೋವರೆಗೆ."

ಕಟ್ಟಕಡೆಗೆ ಎರಡು ಸಾವಿರದ ನಾನೂರು.
ಮುಂಬೈ ಬಸ್ಸಿನಲ್ಲಿ ಕಂಬಳಿ ಸುತ್ತಿಕೊಂಡು,
ಬಿಲ್ಲಿಲ್ಲದೆ ಬಂದ ಮೊದಲ ಆರರಲ್ಲಿ ಒಂದು.
ಕೊಳ್ಳುವವರಿಲ್ಲ, ನೋಡುವವರು ರಸ್ತೆಯ ಅರ್ಧದವರೆಗೆ.
ಆ ಚೀಟಿಯ ಮೇಲೆ, ಅಂಕಿಯ ಕೆಳಗೆ, ಪೆನ್ಸಿಲಿನಲ್ಲಿ:
ಹಾಲಮ್ಮ, ಆಯಾ, ಮೆಗ್ಗಾನ್ ಆಸ್ಪತ್ರೆ.
ಮುಂಗಡ ೩೦, ೩೦, ೩೦, ೩೦, ೩೦.

ನೆನಪಾಯಿತು. ರಾತ್ರಿ ಪಾಳಿ ಮುಗಿಸಿ,
ಸೆರಗಿನಲ್ಲಿ ಫಿನಾಯಿಲಿನ ವಾಸನೆ, ಶಟರು ಎತ್ತುವಾಗಲೇ ನಿಂತಿರುತ್ತಿದ್ದಳು.
ಪ್ಲಾಸ್ಟಿಕ್ ಬಂದೂಕು ಹಿಡಿದು, ಒಂದು ಕಣ್ಣು ಮುಚ್ಚಿ,
ಟಿವಿಯೊಳಗಿನ ಬಾತುಕೋಳಿಗಳನ್ನು
ಒಂದೂ ಬಿಡದೆ ಉರುಳಿಸುತ್ತಿದ್ದಳು.
"ಮಗನಿಗಾ ಅಮ್ಮಾ?" ಅಂತ ಕೇಳಿದ್ದೆ.
"ಯಾಕೆ, ನಂಗೆ ಕೈಯಿಲ್ವಾ?"
ಆರನೇ ತಿಂಗಳು ಬರಲಿಲ್ಲ.

ಐದು ಮೂವತ್ತು ಎಷ್ಟು?
ಗಲ್ಲಾದ ಮೇಲೆ ಅಂಟಿಸಿದ್ದ ಚೀಟಿ ನೋಡಿದೆ, ಮತ್ತೆ ನೋಡಿದೆ.
ಆ ಕೊನೆಯ ವರ್ಷ ಉಳಿದವನ್ನೆಲ್ಲ
ಫುಟ್‌ಪಾತಿನಲ್ಲಿ ತೊಂಬತ್ತೊಂಬತ್ತಕ್ಕೆ ಸುರಿದಿದ್ದೆವು.
ಇದೊಂದು ಮಾತ್ರ ನೂರೈವತ್ತಕ್ಕೆ ಬಂದು ನಿಂತಿತ್ತು.
ಮರೆವು ಅಂದುಕೊಂಡಿದ್ದೆ. ಕೇಳೋಣವೆಂದರೆ
ಸಾಹೇಬರು ಹೋಗಿ ಎರಡು ರಂಜಾನು ಕಳೆದಿದೆ.

ಚೀಟಿಗಳು ಮತ್ತೆ ಅಂಟಲಿಲ್ಲ.
ಡಬ್ಬ ಕಂಕುಳಲ್ಲಿಟ್ಟು ಆಸ್ಪತ್ರೆಯ ಆಫೀಸಿಗೆ ಹೋದೆ.
ನಿವೃತ್ತರ ಪಟ್ಟಿಯ ಮೇಲೆ ಬೆರಳು ಎಳೆದು ಗುಮಾಸ್ತೆ ಹೇಳಿದಳು:
"ಮೂರು ಜನ ಹಾಲಮ್ಮ ಇದಾರೆ. ಯಾರು ಬೇಕು?"

ಏನು ಹೇಳಲಿ?
ಬಲಗಣ್ಣು ಮುಚ್ಚುತ್ತಿದ್ದಳೋ ಎಡಗಣ್ಣೋ,
ಅದೂ ನೆನಪಿಲ್ಲ.
"ಗುರಿ ತಪ್ಪದೋಳು" ಅಂದೆ.