ಮುರಿಯಲೆಂದೇ ಇರುವುದು

ಬಾಗಿಲು ಹಾಕಿಕೊ ಗ್ರೀರ್,
ಟ್ವೀಡ್ ಹೊಳೆಯ ಚಳಿ ನಿನ್ನ ಹಿಂದೆಯೇ ಬಂತು.
ಸೈಕಲ್ಲು ಆ ಕೊಕ್ಕೆಗೆ ತೂಗುಹಾಕು.
ತೊಳೆದು ತಾ ಅಂತ ಎಷ್ಟು ಸಲ ಹೇಳಿಲ್ಲ?
ಇರಲಿ, ಕೆಸರೂ ಸಾಕ್ಷಿ ಹೇಳುತ್ತದೆ.
ಈ ಕೆಂಪು ಗುಡ್ಡದ ನೆತ್ತಿಯದು,
ಈ ಕಪ್ಪು ಪೈನ್ ಬೇರುಗಳ ನಡುವಿನದು,
ಈ ಹಸಿರು ಗೀರು ಕಲ್ಲಿನ ಪಾಚಿ.
ಅಲ್ಲೇ ತಾನೆ ಬಿದ್ದದ್ದು?

ಪೆಡಲು ತಿರುಗಿಸು. ಮೆಲ್ಲಗೆ.
ಮಾತು ಬೇಡ.
ನಲವತ್ತು ವರ್ಷ ಆಚೆ ಬೀದಿಯ ಗಿರಣಿಯಲ್ಲಿ
ಮಗ್ಗಗಳ ಮೈ ನೋಡಿಕೊಂಡವನು ನಾನು.
ಅರವತ್ತು ಮಗ್ಗ ಒಟ್ಟಿಗೆ ಗುಡುಗುವಾಗ
ಹನ್ನೊಂದನೆಯದರ ಲಾಳಿ ಕೂದಲೆಳೆ ತಡವಾದರೂ
ಚಹಾದ ಬಟ್ಟಲು ತುಟಿಯ ಹತ್ತಿರ
ತಾನಾಗಿ ನಿಲ್ಲುತ್ತಿತ್ತು.
ಗಿರಣಿ ಮುಚ್ಚಿತು, ಬಲಗಿವಿ ಅದರ ಜೊತೆಗೇ ಹೋಯಿತು.
ಎಡದ್ದು ನಿಮ್ಮ ಚೈನುಗಳಿಗೆ ಉಳಿದಿದೆ.

ಟಿಕ್.
ಟಿಕ್.
ಕೇಳಿತೆ? ನೀನು ಹೊಸ ಡಿರೇಲರ್ ಬೇಕು ಎಂದೆ,
ಕಾರ್ಬನ್ನಿನದು; ಬೆಲೆ ಹೇಳುವಾಗ ಸ್ವರ ಇಳಿಯಿತು.
ಕೆಟ್ಟಿರುವುದು ಅದಲ್ಲ ಹುಡುಗಿ,
ಅದು ಜೋತುಬಿದ್ದಿರುವ ಈ ಕಿರುಬೆರಳಿನಷ್ಟು ತುಂಡು.
ಹ್ಯಾಂಗರ್. ಅಲ್ಯೂಮಿನಿಯಂ. ಬೆನ್ನು ಬಗ್ಗಿದೆ.
ಇಂಥವು ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ನೂರ ಎಂಬತ್ತಿವೆ,
ಕಂಪನಿಗೊಂದು ಆಕಾರ, ಆಕಾರಕ್ಕೊಂದು ಹಟ,
ನಿನ್ನದಕ್ಕೆ ಹೊಂದುವುದು ಒಂದೂ ಇಲ್ಲ.
ಅದನ್ನು ಮಾಡಿದವರು ಮುಳುಗಿ ಒಂಬತ್ತು ವರ್ಷ.
ಶನಿವಾರ ರೇಸು, ಇವತ್ತು ಗುರುವಾರ.

"ಉಕ್ಕಿನಲ್ಲಿ ಮಾಡಿಕೊಡು ವಾಟಿ,
ಮತ್ತೆಂದೂ ಬಗ್ಗದ ಹಾಗೆ."

ಇಲ್ಲ.

ಕಲ್ಲಿಗೆ ಬಡಿದ ಪೆಟ್ಟು ಎಲ್ಲಿಗಾದರೂ ಹೋಗಲೇಬೇಕು.
ಇದು ಬಗ್ಗದೆ ನಿಂತರೆ ಫ್ರೇಮು ಸೀಳುತ್ತದೆ.
ಫ್ರೇಮೂ ತಾಳಿಕೊಂಡಿತೆನ್ನು,
ಆಮೇಲೆ ಉಳಿದದ್ದು ನಿನ್ನ ಹೆಗಲ ಮೂಳೆ.

ಮಗ್ಗದಲ್ಲೂ ಒಂದು ತೊಗಲ ಪಟ್ಟಿ ಇತ್ತು,
ತಿಂಗಳಿಗೊಮ್ಮೆ ಹರಿಯುವುದೇ ಅದರ ಕಸುಬು.
ಹೊಸ ಮ್ಯಾನೇಜರ್ ಬಂದ, ಲೆಕ್ಕದ ಮನುಷ್ಯ,
ಹರಿಯದ ಪಟ್ಟಿ ತರಿಸಿದ.
ಏಳು ದಿನ ಎಲ್ಲ ಹೂವಿನ ಹಾಗೆ ನಡೆಯಿತು.
ಎಂಟನೆಯ ದಿನ ಕೋಲು ಮುರಿದು ಲಾಳಿ ಹಾರಿತು,
ನೆಟ್ಟಾ ಬ್ರೈಡನ್‌ಳ ಎರಡು ಹಲ್ಲು ನೆಲಕ್ಕೆ.
ಈಗಲೂ ಕೇಕಿನಂಗಡಿಯಲ್ಲಿ ಕೂತು
ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ, ನೋಡಿದ್ದೀಯಲ್ಲ.

ಆ ಅರ ಕೊಡು. ಅದಲ್ಲ, ನಯದ್ದು.
ಇಲ್ಲಿ, ಈ ಕುತ್ತಿಗೆಯಲ್ಲಿ, ಬೇಕೆಂದೇ
ಒಂದಿಷ್ಟು ತೆಳ್ಳಗೆ ಬಿಡುತ್ತೇನೆ.
ಹುಷಾರಾಗಿ ಬಲ ಕಳೆಯುವುದು
ಬಲ ತುಂಬುವುದಕ್ಕಿಂತ ಕಷ್ಟ.
ಪುಡಿ ಊದಬೇಡ, ಕಣ್ಣಿಗೆ ಬೀಳುತ್ತದೆ.

ಕೈಯಲ್ಲಿ ದುಡ್ಡಿದೆಯೆಂದರೆ ಬ್ರೇಕ್ ಪ್ಯಾಡಿಗೆ ಹಾಕು,
ಲೋಹದ ಪುಡಿ ಒತ್ತಿ ಮಾಡಿದ್ದು, ಕಿರುಚಿದರೆ ಕಿರುಚಲಿ;
ಮೆತ್ತನೆಯದನ್ನು ನಮ್ಮೂರ ಕೆಸರು
ಮೂರು ಇಳಿಜಾರಿನಲ್ಲಿ ನೆಕ್ಕಿಬಿಡುತ್ತದೆ.
ಚೈನು ಅಗ್ಗದ್ದೇ ಸಾಕು, ಬೇಗ ಬದಲಿಸು.
ಹಳೆಯ ಚೈನಿನ ಮೇಲಿನ ಮೋಹಕ್ಕೆ
ಹಲ್ಲುಚಕ್ರ ಬೆಲೆ ತೆರುತ್ತದೆ.
ಎಣ್ಣೆ ಹಾಕು, ಆಮೇಲೆ ಒರೆಸು.
ನಿಮ್ಮ ಪೀಳಿಗೆಗೆ ಒರೆಸುವುದೊಂದು ಬರುವುದಿಲ್ಲ.

ಆಯಿತು. ಎರಡು ಮಾಡಿದ್ದೇನೆ.
ಒಂದು ಸೈಕಲ್ಲಿಗೆ, ಒಂದು ಜೇಬಿಗೆ.
ಬೀಳುವವರು ಹೇಗೂ ಬೀಳುತ್ತಾರೆ,
ಕೆಳಗಿಳಿದು ಮನೆಗೆ ಬರುವುದಕ್ಕೆ ಎರಡನೆಯದು.

ಈಗ ತಿರುಗಿಸು.
ಇನ್ನೂ ಸ್ವಲ್ಪ. ಸಣ್ಣ ಗೇರಿಗೆ ತಾ.
ಹ್ಞೂಂ.

ನನಗೇನೂ ಕೇಳಿಸುತ್ತಿಲ್ಲ.
ನಿನಗೆ?
ನಿಜ ಹೇಳು ಗ್ರೀರ್,
ಸೈಕಲ್ಲು ಸರಿಹೋಯಿತೊ,
ಎಡಗಿವಿಯೂ ಹೋಯಿತೊ?