ಮುಳ್ಳು

ಆಯಿ, ಅತ್ತಿಗೆ, ನಾನು, ಮೂವರೂ ಸೇರಿ ಹೆಣೆದ ಸುಳ್ಳು:
ಅಪ್ಪ ಬೋಟಿನಲ್ಲಿದ್ದಾನೆ, ರತ್ನಾಗಿರಿಯ ಆಚೆ,
ಬರುವಾಗ ಕೆಂಪು ಟಾರ್ಚು ತರುತ್ತಾನೆ.
ಮೇ ಮುಗಿಯುವವರೆಗೂ ಬಾಳಿತು.

ಜೂನ್ ಬಂತು. ಮೀನುಗಾರಿಕೆ ಬಂದ್.
ಬೈತಖೋಲದ ಬಂದರಿನಲ್ಲಿ ಬೋಟುಗಳೆಲ್ಲ
ಒಂದರ ಮಗ್ಗುಲಿಗೊಂದು ಒರಗಿ ನಿಂತವು.
ಸುಯೋಗ ದಕ್ಕೆಯ ಮೇಲೆ ಕೂತು ಎಣಿಸಿದ.
ಅವನಿಗೆ ಬರುವುದು ಇಪ್ಪತ್ತರವರೆಗೆ,
ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ.
ಏನೂ ಕೇಳಲಿಲ್ಲ.

ಮರುದಿನದಿಂದ ಅಂಗನವಾಡಿಯಲ್ಲಿ ಕಚ್ಚತೊಡಗಿದ.
ಅಕ್ಕೋರು ಕರೆಸಿ, ತಮ್ಮ ತೋಳಿನ ಮೇಲಿನ
ಪುಟ್ಟ ಹಲ್ಲುಗಳ ಗುರುತು ತೋರಿಸಿದರು. ಬೈಯಲಿಲ್ಲ.
"ಹೇಳಲಿಕ್ಕೆ ಬಾರದ್ದನ್ನು ಕಚ್ಚುತ್ತಿದ್ದಾನೆ" ಅಂದರು.

ಸಂಜೆ ಒಣ ಶೆಟ್ಲಿಯ ತಲೆ ಮುರಿಯುತ್ತ
ಅವನನ್ನು ಪಕ್ಕಕ್ಕೆ ಕೂರಿಸಿಕೊಂಡೆ.
ಮೂರು ಸಲ ಬಾಯಿ ತೆರೆದೆ,
ಮೂರು ಸಲವೂ ಶೆಟ್ಲಿಯ ಮಾತೇ ಆಡಿದೆ.
ಆಮೇಲೆ: ಅಪ್ಪ ಬೋಟಿನಲ್ಲಿಲ್ಲ, ಪುಟ್ಟಾ.
ಜೈಲಿನಲ್ಲಿದ್ದಾನೆ. ತಪ್ಪು ಮಾಡಿದ,
ಒಬ್ಬರಿಗೆ ಜೋರು ಪೆಟ್ಟಾಯಿತು.
ಯಾವಾಗ ಬರುತ್ತಾನೋ ನನಗೂ ಗೊತ್ತಿಲ್ಲ.

ಶೆಟ್ಲಿಯ ಮೀಸೆ ಒಂದೊಂದೇ ಕಿತ್ತ.
"ನಾ ಅವನ ಬಲೆ ಸೂಜಿ ಕಳೆದೆನಲ್ಲ, ಅದಕ್ಕಾ?"

ಅಯ್ಯೋ, ಎಷ್ಟು ದಿನದಿಂದ ಆ ಸೂಜಿ
ಈ ಕೂಸಿನ ಒಳಗೆ!
ಅಲ್ಲ ಅಂದೆ. ಅಲ್ಲವೇ ಅಲ್ಲ.
ಸೂಜಿ ಪೇಟೆಯಲ್ಲಿ ಹತ್ತು ರೂಪಾಯಿಗೆ ಸಿಗುತ್ತದೆ.

"ಅಲ್ಲಿ ರಾತ್ರಿ ಲೈಟು ಇರ್ತದಾ?"
"ಕೇಳಿ ಬಂದು ಹೇಳ್ತೇನೆ."
"ನಿನಗೆ ಎಲ್ಲಿ ನೋವು?" ಗಂಟಲು ಮುಟ್ಟಿದ.
"ಸಿಟ್ಟಾ? ಅಳುವಾ?"
"ಎರಡೂ. ಬಂಗಡೆ ಮುಳ್ಳು ಸಿಕ್ಕ ಹಾಗೆ."

ನಮ್ಮ ಕೇರಿಯಲ್ಲಿ ಮುಳ್ಳು ಸಿಕ್ಕಿದರೆ
ಅನ್ನದ ಉಂಡೆ ಕೊಡುತ್ತೇವೆ, ಅಗಿಯದೆ ನುಂಗು ಅನ್ನುತ್ತೇವೆ.
ಇಷ್ಟು ದಿನ ಮಾಡಿದ್ದೂ ಅದನ್ನೇ.
ಬೋಟು, ರತ್ನಾಗಿರಿ, ಕೆಂಪು ಟಾರ್ಚು,
ಉಂಡೆಯ ಮೇಲೆ ಉಂಡೆ.

ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ
"ಆ ಅನ್ನು" ಅಂದೆ.
"ಆ" ಅಂದ. ಉದ್ದಕ್ಕೆ ಅಂದ.
ಅದು ಅಳುವಾಗುವ ತನಕ ಅಂದ.
ಕೈಗೆಲ್ಲ ಶೆಟ್ಲಿಯ ವಾಸನೆ,
ಅದರಲ್ಲೇ ಅವನ ಕಣ್ಣು ಒರೆಸಿದೆ.

ಮರುದಿನ ಅಂಗನವಾಡಿಯಲ್ಲಿ ಎಲ್ಲರಿಗೂ ಹೇಳಿದನಂತೆ:
ನಮ್ಮ ಅಪ್ಪ ಜೈಲಲ್ಲಿದ್ದಾನೆ,
ಅಲ್ಲಿ ಲೈಟು ಉಂಟಾ ಅಂತ ಅತ್ತೆ ಕೇಳಿ ಬರ್ತಾಳೆ.

ಇನ್ನು ಹೋಗದೆ ಉಪಾಯವಿಲ್ಲ.
ನಾಚಿಕೆಗೆ ಹೆದರಿ ಮೂರು ತಿಂಗಳು
ಮೀನಿನ ಬುಟ್ಟಿ ಹೊತ್ತು ಬೇರೆ ದಾರಿ ಸುತ್ತಿದವಳು ನಾನು.
ಸೋಮವಾರ ಆ ಗೇಟಿನೆದುರು ನಿಂತು,
ಅಣ್ಣನ ಮುಖ ಕಂಡದ್ದೇ ಕೇಳಬೇಕು, ಮೊದಲು ಅದನ್ನೇ:
ರಾತ್ರಿ ಲೈಟು ಆರಿಸುತ್ತಾರೇನೋ?