ನಾಲ್ಕು ಜಿಬಿಗಿಂತ ದೊಡ್ಡ ಆಕಾಶ

ಬಾರ್ನ್ಸ್‌ಲಿಯ ಮಾರುಕಟ್ಟೆಯ ಹಿಂದೆ, ಕೀಲಿಕೈ ಮಾಡುವವನ ಪಕ್ಕ
ನನ್ನ ರಿಪೇರಿ ಅಂಗಡಿ.
ಆಲ್ಬರ್ಟ್ ಥ್ವೇಟ್ ಬಂದರು, ಟೋಪಿ ತೆಗೆದರು,
ಬ್ರೆಡ್ಡಿನ ಚೀಲದಿಂದ ಹಾರ್ಡ್ ಡಿಸ್ಕ್ ಹೊರತೆಗೆದು
ಮೇಜಿನ ಮೇಲಿಟ್ಟರು, ಜ್ವರ ಬಂದ ಹಕ್ಕಿಯನ್ನಿಟ್ಟ ಹಾಗೆ.

ಪಾರಿವಾಳ ರೇಸಿನ ಕ್ಲಬ್ಬಿಗೆ ಕಾರ್ಯದರ್ಶಿಯಂತೆ, ಇಪ್ಪತ್ತೇಳು ವರ್ಷ.
ಯಾವ ಹಕ್ಕಿ ಎಲ್ಲಿಂದ ಹೊರಟಿತು, ಎಷ್ಟಕ್ಕೆ ಗೂಡು ಸೇರಿತು,
ಕಾಲುಂಗುರದ ನಂಬರೇನು
(ಕಾಲುಂಗುರ ಅಂದರೆ ನನಗೆ ಬೇರೆ ನೆನಪು, ಇರಲಿ)
ಎಲ್ಲ ಇದರೊಳಗೆ.

“ತಂಗಿಯ ಮೊಮ್ಮಗಳು ಪಾಪಿ ಒಂದು ವಿಡಿಯೋ ಹಾಕಹೋದಳು.”
ಪಾಪಿ ಅವಳ ಹೆಸರು, ಬೈಗುಳವಲ್ಲ. ಒಳಗೇ ನಕ್ಕೆ.
“ಹಿಡಿಸುವುದಿಲ್ಲ ಅಂತು ಡಿಸ್ಕು.”
ಹೌದು, ಹಳೇ ಫ್ಯಾಟ್ ಮೂವತ್ತೆರಡು,
ನಾಲ್ಕು ಜಿಬಿ ಮೀರಿದ ಫೈಲನ್ನು ಹೊಸಿಲು ದಾಟಿಸದು.
“ಎನ್‌ಟಿಎಫ್‌ಎಸ್‌ಗೆ ಬದಲಿಸೋಣ ಅಂದಳು. ಅರ್ಧ ಆಗಿತ್ತು.
ನಾನು ಕೆಟಲ್ ಹಾಕಲು ಪ್ಲಗ್ ಕಿತ್ತೆ.”

ಪರದೆ ಕೇಳಿತು: ಫಾರ್ಮ್ಯಾಟ್ ಮಾಡಲೇ?
ಏನು ವಿನಯ!
ಮನೆ ಕೆಡವಲೇ ಎಂದು ಕದ ತಟ್ಟಿ ಕೇಳಿದಂತೆ.
ಬೇಡ ಅಂದೆ, ಕೆಲಸ ಶುರು ಮಾಡಿದೆ.

ಅಪ್ಪ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಯುತ್ತಿದ್ದ.
ಅಣ್ಣತಮ್ಮಂದಿರು ಬದುವಿನ ಮೇಲೆ ಕೊಡಲಿ ಹಿಡಿದು ನಿಂತಾಗ
ಅವನದು ಒಂದೇ ಮಾತು:
ಹೊಲ ಎಲ್ಲಿಗೂ ಓಡಿಹೋಗಿಲ್ಲ. ಮೊದಲು ಕಲ್ಲು ಹುಡುಕಿ.

ಮೊದಲು ಇಡೀ ಡಿಸ್ಕಿನ ನಕಲು, ಸೆಕ್ಟರಿಗೆ ಸೆಕ್ಟರು,
ಹನ್ನೊಂದು ತಾಸು. ಮೂಲದ ಮೇಲೆ ಕೈಯಾಡಿಸಬಾರದು.
ಇದು ಯಾರದೋ ಮದುವೆಯ ಫೋಟೋ ಕಳೆದು ನಾನು ಕಲಿತದ್ದು.
ಸೊನ್ನೆಯ ಸೆಕ್ಟರು ಬರೀ ಕಸ:
ಹಳೆಯದೂ ಅಲ್ಲ, ಹೊಸದೂ ಅಲ್ಲ, ಎಡಬಿಡಂಗಿ.
ಆರನೆಯದರಲ್ಲಿ ಮಾತ್ರ
ಹಳೇ ಕಾಲದ ಡಿಸ್ಕು ತನ್ನದೊಂದು ಪ್ರತಿ ಬಚ್ಚಿಟ್ಟಿರುತ್ತದೆ,
ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿಟ್ಟ ಹಾಗೆ.
ಕೊನೆಯ ಎರಡು ಬೈಟು: ಐವತ್ತೈದು, ಎ ಎ.
ಇತ್ತು. ಹುಲ್ಲು ಮುಚ್ಚಿಕೊಂಡ ಹದ್ದಿನ ಕಲ್ಲು.

ಅದನ್ನು ತಂದು ಮೊದಲಿನ ಜಾಗದಲ್ಲಿ ನೆಟ್ಟೆ.
ಪಾಲುಗಳು ಗೆರೆ ಹಿಡಿದವು, ಫೋಲ್ಡರುಗಳು ಕಣ್ಣು ಬಿಟ್ಟವು,
ತೊಂಬತ್ತೆಂಟು, ತೊಂಬತ್ತೊಂಬತ್ತು…

ಎಲ್ಲವೂ ಅಲ್ಲ. ಇನ್ನೂರ ಹದಿನಾರು ಫೈಲು
ಹೆಸರು ಕಳಕೊಂಡು ಒಂದು ಮೂಲೆಯಲ್ಲಿ ಮುದುಡಿದ್ದವು,
ಮೈಮೇಲೆ ಬರೀ ಕ್ರಮಸಂಖ್ಯೆ.
ಥ್ವೇಟ್ ಸ್ಟೂಲು ಎಳಕೊಂಡು ಕೂತರು.
ಒಂದೊಂದೇ ತೆರೆದೆ. ನನಗೆ ಎಲ್ಲ ಒಂದೇ ಬೂದು.
“ಇವಳು ಡಾಟಿ, ಎಡಗಣ್ಣು ನೋಡಿ.”
“ಇವನು ಬಿಷಪ್, ಸೋಂಬೇರಿ ನನ್ಮಗ.”
“ಇದು ನನ್ನದಲ್ಲ, ಕ್ರಾಬ್‌ಟ್ರೀದು. ಅಳಿಸಿ.”
ಅಳಿಸಲಿಲ್ಲ.
ಆ ಗುಂಡಿಗೆ ನನ್ನ ಬೆರಳು ಅಷ್ಟು ಬೇಗ ಒಗ್ಗುವುದಿಲ್ಲ.

ಶುಕ್ರವಾರ ಪಾಪಿಯೂ ಬಂದಳು, ಉಗುರಿಗೆಲ್ಲ ಹಸಿರು ಬಣ್ಣ.
ಹೊಸ ಡಿಸ್ಕಿಗೆ ಎಲ್ಲ ಸುರಿದೆ.
ಪ್ಲಗ್ಗಿಗೆ ಟೇಪು ಸುತ್ತಿ ಮುಟ್ಟಬೇಡಿ ಎಂದು ಬರೆದಿದ್ದೆ,
ಕನ್ನಡದಲ್ಲಿ. ಯಾರೂ ಮುಟ್ಟಲಿಲ್ಲ.
ಕೊನೆಗೆ ಆ ವಿಡಿಯೋ, ಇಷ್ಟಕ್ಕೆಲ್ಲ ಕಾರಣವಾದದ್ದು.

ಆಕಾಶ.
ಗೂಡಿನ ಮಾಡಿನಿಂದ ಹಿಡಿದದ್ದು, ಎರಡು ತಾಸು.
ಫ್ರಾನ್ಸಿನಿಂದ ಬರಬೇಕಿದ್ದ ಒಂದು ಹೆಣ್ಣುಹಕ್ಕಿ.
ಮೋಡ, ಒಂದು ತಂತಿ, ಥ್ವೇಟರ ಕೆಮ್ಮು,
ತಗಡಿನ ಡಬ್ಬಿಯಲ್ಲಿ ಕಾಳು ಕುಲುಕಿ ಕರೆಯುವ ಸದ್ದು,
ಮತ್ತೆ ಮೋಡ.
ಮುಂದೆ ಮುಂದೆ ಓಡಿಸಿ ನೋಡಿದೆ.
ಒಂದು ಚುಕ್ಕೆ. ಗಾಜಿನ ಮೇಲಿನ ಧೂಳೂ ಇರಬಹುದು.

“ಬಂತಾ?” ಕೇಳಿದೆ.
ಪಾಪಿ ನೆಲ ನೋಡಿದಳು.
“ಬ್ಯಾಟರಿ ಮುಗಿಯಿತು,” ಅಂದರು ಥ್ವೇಟ್,
ಟೋಪಿ ಹಾಕಿಕೊಂಡು, ಮೂವತ್ತೈದು ಪೌಂಡು
ಚಿಲ್ಲರೆಯಲ್ಲೇ ಎಣಿಸತೊಡಗಿದರು.